ಪೊಟ್ಟಣದ್ದು ಕೆಂಡಕ್ಕೆ ಮೊದಲು, ಹಸಿಯದು ಕೆಂಡದಿಂದ ಇಳಿಸಿದ ಮೇಲೆ

ಕೊಡಗಿನ ಹಂದಿಮಾಂಸದ ಸಾರಾದ ಪಂದಿ ಕರಿಗೆ ಹಾಕುವ ಪುಡಿಯ ಪೊಟ್ಟಣದ ಹಿಂಬದಿಯಲ್ಲಿ ಕರಿ ಮಾಡುವ ವಿಧಾನ ಮುಗಿದ ಮೇಲೆ ಇನ್ನೊಂದು ಸಾಲು ಸೇರಿಸುವ ಆಸೆ ಮಾರುವವರಿಗೆ ಬಂದೇ ಬರುತ್ತದೆ: "ಬಾರ್ಬೆಕ್ಯೂಗೂ ಬಳಸಬಹುದು, ಮಾಂಸಕ್ಕೆ ಸವರಿ ಕೆಂಡದ ಮೇಲೆ ಸುಡಿ." ಡಿಸೆಂಬರ್ ಚಳಿಯಲ್ಲಿ ಹೋಂಸ್ಟೇ ಅಂಗಳದಲ್ಲಿ ಕೂತು ಸುಟ್ಟ ಮಾಂಸ ತಿಂದ ಅತಿಥಿ, ಊರಿಗೆ ಹೊರಡುವ ಮುನ್ನ ಮಡಿಕೇರಿ ಪೇಟೆಯಲ್ಲಿ ಅದೇ ರುಚಿ ಹುಡುಕುತ್ತಾನೆ. ಆ ಸಾಲು ಕಣ್ಣಿಗೆ ಬಿದ್ದರೆ ಎರಡು ಪೊಟ್ಟಣ ಹೆಚ್ಚಿಗೆ ಕೊಳ್ಳುತ್ತಾನೆ. ಬೆಂಗಳೂರಿಗೆ ಹೋಗಿ ಬರೆದಂತೆಯೇ ಮಾಡುತ್ತಾನೆ. ಮಾಂಸ ಹೊರಗೆ ಕಪ್ಪು, ಬಾಯಿಗೆ ಕಹಿ. ಆ ಪೊಟ್ಟಣ ಮತ್ತೆ ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ.

ಪುಡಿ ಕೆಟ್ಟದ್ದೇನಲ್ಲ. ಪಂದಿ ಕರಿ ಪುಡಿ ಎಂದರೆ ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಸಾಸಿವೆ, ಮೆಂತ್ಯವನ್ನು ಇನ್ನೇನು ಕಪ್ಪಾಗಬೇಕು ಅನ್ನುವವರೆಗೆ ಹುರಿದು ಪುಡಿ ಮಾಡಿದ್ದು. ಆ ಹುರಿತದ ಲೆಕ್ಕ ಇರುವುದು ಕರಿಗೆ. ಕರಿಯ ಪಾತ್ರೆಯಲ್ಲಿ ನೀರಿದೆ. ನೀರು ಇರುವಷ್ಟು ಹೊತ್ತು ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಕೆಂಡದ ಮೇಲಿನ ಕಂಬಿಯಲ್ಲಿ ಹಾಗಲ್ಲ. ಮಾಂಸದ ಮೈ ಒಣಗಿದ್ದೇ ತಡ, ಅಂಚುಗಳಲ್ಲಿ ಬಿಸಿ 200 ಡಿಗ್ರಿ ಮುಟ್ಟುತ್ತದೆ. ಒಮ್ಮೆ ಹುರಿದದ್ದನ್ನು ಅಲ್ಲಿ ಎರಡನೇ ಸಲ ಹುರಿದಂತಾಯಿತು, ಅಂದರೆ ಸುಟ್ಟಂತಾಯಿತು. ಮೊದಲು ಕೈಕೊಡುವುದು ಮೆಂತ್ಯ. ಅದು ಹುಟ್ಟಾ ಕಹಿ, ಸುಟ್ಟರೆ ಕೇಳಬೇಕೇ.

ಮನೆ ಅಡುಗೆಯವರಿಗೆ ಸುಡುವ ರೆಸಿಪಿ ಬರೆದು ಮಾರುವಾಗ ಪೊಟ್ಟಣದ್ದೋ ಹಸಿಯದೋ ಎಂಬ ಪ್ರಶ್ನೆಯನ್ನು ಕೆಲವರು ಗಡಿಯಾರ ನೋಡಿ ತೀರ್ಮಾನಿಸುತ್ತಾರೆ: ಬೇಗ ಆಗಬೇಕು, ಎಲ್ಲ ಪೊಟ್ಟಣದ್ದೇ ಇರಲಿ. ಇನ್ನು ಕೆಲವರು ಅಜ್ಜಿಯ ಹೆಸರು ಹೇಳಿ ಎಲ್ಲವನ್ನೂ ಅರೆಯಿರಿ, ಕುಟ್ಟಿರಿ ಎನ್ನುತ್ತಾರೆ. ಆ ರೆಸಿಪಿಯನ್ನು ಜನ ಓದುತ್ತಾರೆ, ಮೆಚ್ಚುತ್ತಾರೆ, ಮಾಡುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇದನ್ನು ಬೆಂಕಿಯನ್ನೇ ಕೇಳಿ ತೀರ್ಮಾನಿಸಬೇಕು. ಕೆಂಡಕ್ಕೆ ಹೋಗುವ ಮೊದಲು ಮಾಂಸಕ್ಕೆ ಸೇರುವುದರಲ್ಲಿ ಬಹುಪಾಲು ಪೊಟ್ಟಣದ್ದಾದರೂ ನಷ್ಟವಿಲ್ಲ, ಹಸಿಯದರ ಪರಿಮಳವನ್ನು ಹೇಗೂ ಬೆಂಕಿ ತಿಂದುಹಾಕುತ್ತದೆ. ಕೆಂಡದಿಂದ ಇಳಿಸಿದ ಮೇಲೆ ಹಾಕುವುದು ಮಾತ್ರ ಹಸಿಯದೇ ಆಗಬೇಕು. ಕೆಲಸದಿಂದ ಬಂದು ಒಲೆ ಹಚ್ಚುವವರ ಹತ್ತಿರ ಕೇಳಬಹುದಾದ ಶ್ರಮ ಒಂದೋ ಎರಡೋ. ಅದನ್ನು ಕೊನೆಗೆ ಇಡಿ, ಬಾಯಿಗೆ ಸಿಗುವ ಕಡೆ.

ಶುಂಠಿ-ಬೆಳ್ಳುಳ್ಳಿ ಪೇಸ್ಟ್ ನೋಡಿ. ಬೆಳ್ಳುಳ್ಳಿಯ ಘಾಟು ಎಸಳಿನೊಳಗೆ ಮೊದಲೇ ತಯಾರಾಗಿ ಕೂತಿರುವುದಿಲ್ಲ. ಜಜ್ಜಿದಾಗ ಅಲಿನೇಸ್ ಎಂಬ ಕಿಣ್ವ ಅಲಿನ್ ಎಂಬ ವಸ್ತುವಿನ ಮೇಲೆ ಕೆಲಸ ಮಾಡಿ ಅಲಿಸಿನ್ ಹುಟ್ಟುತ್ತದೆ. ಮೂಗಿಗೆ ಬಡಿಯುವುದು ಅದು. ಅಲಿಸಿನ್ ಬಹಳ ದಿನ ನಿಲ್ಲುವುದಿಲ್ಲ. ಬಾಟಲಿಯ ಪೇಸ್ಟಿನಲ್ಲಿ ಹುಳಿಯೂ ಉಪ್ಪೂ ಸೇರಿರುತ್ತದೆ, ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂತಿರುತ್ತದೆ, ಆ ಚುರುಕು ಉಳಿಯುವುದಿಲ್ಲ. ಆದರೆ ಹತ್ತು-ಹದಿನೈದು ನಿಮಿಷ ಬೇಯುವ ಮಾಂಸದಲ್ಲಿ ಮನೆಯಲ್ಲಿ ಅರೆದ ಬೆಳ್ಳುಳ್ಳಿಯ ಚುರುಕೂ ಉಳಿಯುವುದಿಲ್ಲವಲ್ಲ! ಹಾಗಾಗಿ ನೆನೆಹಾಕಲು ಪೇಸ್ಟ್ ಸಾಕು. 1 ಕಿಲೋ ಮಾಂಸಕ್ಕೆ 2 ದೊಡ್ಡ ಚಮಚ ಎಂದು ಬರೆಯಿರಿ, ಸಂಕೋಚ ಬೇಡ.

ಸಂಕೋಚ ಪಡಬೇಕಾದ್ದು ಬೇರೆ ಕಡೆ. ಹಸಿ ಶುಂಠಿಯಲ್ಲಿ ಮಾಂಸವನ್ನು ಮೆತ್ತಗೆ ಮಾಡುವ ಕಿಣ್ವವಿದೆ, ಪಪ್ಪಾಯಿ ಕಾಯಿಯಲ್ಲಿ ಪಪೇನ್, ಅನಾನಸಿನಲ್ಲಿ ಬ್ರೊಮೆಲಿನ್. ಬಿಸಿ ಮಾಡಿ ತುಂಬಿದ ಪೇಸ್ಟಿನಲ್ಲಾಗಲಿ ಡಬ್ಬಿಯ ಅನಾನಸಿನಲ್ಲಾಗಲಿ ಈ ಕಿಣ್ವಗಳು ಸತ್ತಿರುತ್ತವೆ. ಗಟ್ಟಿ ಮಾಂಸವನ್ನು ಮೆತ್ತಗಾಗಿಸಲೆಂದೇ ಇವುಗಳನ್ನು ಹಾಕಿಸುವ ರೆಸಿಪಿಯಾದರೆ "ಡಬ್ಬಿಯದೂ ಆಗುತ್ತದೆ" ಎಂಬ ಸಾಲು ಶುದ್ಧ ಸುಳ್ಳು. ಹಾಗೆಯೇ ಹಸಿಯದನ್ನು ಹಾಕಿಸುವಾಗ ಹೊತ್ತು ಬರೆಯದಿದ್ದರೆ ಅದೂ ಅಪಾಯ. ಸಿಪ್ಪೆಸಮೇತ ಅರೆದ ಪಪ್ಪಾಯಿ ಕಾಯಿ 1 ಕಿಲೋ ಕುರಿ ಮಾಂಸಕ್ಕೆ 1 ದೊಡ್ಡ ಚಮಚ, ಎರಡು ತಾಸು. ಕೋಳಿಗೆ ಅದರ ಅರ್ಧ, ಅರ್ಧ ತಾಸು. ರಾತ್ರಿಯಿಡೀ ಬಿಟ್ಟರೆ ಮೇಲಿನ ಪದರ ಹಿಟ್ಟಿನಂತಾಗಿ ಕಡ್ಡಿಯಿಂದ ಕಳಚಿ ಕೆಂಡಕ್ಕೆ ಬೀಳುತ್ತದೆ. "ಹೆಚ್ಚು ನೆನೆದಷ್ಟೂ ಒಳ್ಳೆಯದು" ಎಂದು ಕಣ್ಣು ಮುಚ್ಚಿ ಬರೆಯುವ ಅಭ್ಯಾಸ ಹುಟ್ಟುಹಾಕಿದ ತೊಂದರೆ ಇದು.

ಇನ್ನೊಂದು ಕಡೆ ಪುಡಿಯೇ ಗೆಲ್ಲುತ್ತದೆ. ಸಣ್ಣಗೆ ಹೆಚ್ಚಿದ ಬೆಳ್ಳುಳ್ಳಿಯನ್ನು ಮಾಂಸಕ್ಕೆ ಸವರಿ ನೇರ ಕೆಂಡಕ್ಕೆ ಇಟ್ಟರೆ ಆ ಚೂರುಗಳು ಮಾಂಸ ಬೇಯುವ ಎಷ್ಟೋ ಮೊದಲೇ ಕರಕಲಾಗಿ ಕಹಿಯಾಗುತ್ತವೆ. ಒಣ ಮಸಾಲೆ ಸವರುವ ರೆಸಿಪಿಗೆ ಬೆಳ್ಳುಳ್ಳಿ ಪುಡಿ ಒಳ್ಳೆಯದು: ಸಮನಾಗಿ ಹರಡುತ್ತದೆ, ನೀರು ಬಿಡುವುದಿಲ್ಲ. ಒಂದು ಎಸಳಿಗೆ ಚಿಕ್ಕ ಚಮಚದ ಎಂಟನೇ ಒಂದು ಭಾಗ ಎಂದು ಲೆಕ್ಕ ಹಿಡಿದರೆ 1 ಕಿಲೋಗೆ 1 ಚಿಕ್ಕ ಚಮಚ ಪುಡಿ ಎಂಟು ಎಸಳಿಗೆ ಸಮ. "ಹಸಿಯದೇ ಶ್ರೇಷ್ಠ" ಎಂದು ಹಟ ಹಿಡಿದವರು ಇಲ್ಲಿ ಸೋಲುತ್ತಾರೆ.

ಪೊಟ್ಟಣ ಸೇರಿಸಿದ ಕೂಡಲೇ ತಪ್ಪುವುದು ಉಪ್ಪಿನ ಲೆಕ್ಕ. ಸುಡುವ ಮಾಂಸಕ್ಕೆ 1 ಕಿಲೋಗೆ ಒಟ್ಟು 15 ಗ್ರಾಂ ಉಪ್ಪು ಹಿತ. ರೆಸಿಪಿ ಬರೆಯುವವರು 15 ಗ್ರಾಂ ಎಂದು ಬರೆದು ಅದರ ಮೇಲೆ ಪೇಸ್ಟ್, ಪುಡಿ, ಸಾಸ್ ಎಲ್ಲ ಹಾಕಿಸುತ್ತಾರೆ, ಅವುಗಳಲ್ಲಿರುವ ಉಪ್ಪನ್ನು ಯಾರೂ ಕೂಡಿಸಿರುವುದಿಲ್ಲ. ಲೇಬಲ್ಲಿನಲ್ಲಿ 100 ಗ್ರಾಮಿಗೆ ಎಷ್ಟು ಮಿಲಿಗ್ರಾಂ ಸೋಡಿಯಂ ಎಂದು ಇರುತ್ತದೆ, ಅದನ್ನು 2.5ರಿಂದ ಗುಣಿಸಿದರೆ ಉಪ್ಪು. ಉದಾಹರಣೆಗೆ 4000 ಮಿಲಿಗ್ರಾಂ ಎಂದಿದ್ದರೆ 100 ಗ್ರಾಂ ಪೇಸ್ಟಿನಲ್ಲಿ 10 ಗ್ರಾಂ ಉಪ್ಪು. 2 ದೊಡ್ಡ ಚಮಚ ಪೇಸ್ಟ್ ಸುಮಾರು 30 ಗ್ರಾಂ, ಅದರಲ್ಲಿ 3 ಗ್ರಾಂ. ಹಾಗಾದರೆ ಮೇಲಿನಿಂದ ಹಾಕಬೇಕಾದ ಉಪ್ಪು 12 ಗ್ರಾಂ, ಅಂದರೆ ಪುಡಿ ಉಪ್ಪು ತಲೆ ಸಮ ಮಾಡಿದ 2 ಚಿಕ್ಕ ಚಮಚ. ಗ್ರಾಂ, ಚಮಚ ಎರಡನ್ನೂ ಬರೆಯಿರಿ. "ರುಚಿಗೆ ತಕ್ಕಷ್ಟು" ಎನ್ನುವುದು ಸಾರಿಗೆ ಸರಿ, ಕುದಿಯುವಾಗ ಬಾಯಿಗೆ ಬಿಟ್ಟು ನೋಡಬಹುದು. ಹಸಿ ಹಂದಿಮಾಂಸವನ್ನು ಯಾರು ರುಚಿ ನೋಡುತ್ತಾರೆ?

ಇನ್ನು ಕಾಚಂಪುಳಿ. ತಮಾಷೆ ಏನೆಂದರೆ, ಹಸಿಯದರ ಪರ ವಾದಿಸುವವರೆಲ್ಲ ಮೊದಲು ಹೆಸರಿಸುವ ಈ ವಸ್ತು ಕೊಡಗಿನ ಹಳೆಯ ಕಾಲದ ರೆಡಿಮೇಡ್ ಪದಾರ್ಥ. ಮಳೆಗಾಲದಲ್ಲಿ ಹಣ್ಣಾಗುವ ಉಪ್ಪಾಗೆ ಎಂಬ ಹುಳಿಹಣ್ಣನ್ನು ಬುಟ್ಟಿಯಲ್ಲಿಟ್ಟು, ಇಳಿದ ರಸವನ್ನು ಹಿಡಿದು, ಕಪ್ಪಗೆ ಗಟ್ಟಿಯಾಗುವವರೆಗೆ ಕಾಯಿಸಿ ಬಾಟಲಿಗೆ ತುಂಬಿದರೆ ವರ್ಷಗಟ್ಟಲೆ ಕೆಡದು. ಸುಡುವ ಅಡುಗೆಗೆ ಇದರಷ್ಟು ಹೊಂದುವ ಹುಳಿ ಇನ್ನೊಂದಿಲ್ಲ. ವಿನೆಗರಿನ ಅಸಿಟಿಕ್ ಆಮ್ಲ ಬಿಸಿಗೆ ಹಾರಿಹೋಗುತ್ತದೆ, ಕೆಂಡದ ಮುಂದೆ ಕೂತವರ ಕಣ್ಣು ಉರಿಯುತ್ತದೆ, ಮಾಂಸದಲ್ಲಿ ಹುಳಿ ಉಳಿಯುವುದಿಲ್ಲ. ಉಪ್ಪಾಗೆಯ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಅದು ಹಾರುವ ಜಾತಿಯದಲ್ಲ. ಆದ್ದರಿಂದ ವಿನೆಗರ್ ಹಾಕುವಷ್ಟು ಕಾಚಂಪುಳಿ ಹಾಕಿದರೆ ತಿನ್ನಲಾಗದು. 1 ಕಿಲೋಗೆ 2 ಚಿಕ್ಕ ಚಮಚದಿಂದ ಶುರು ಮಾಡಿಸಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ನೆನೆಹಾಕಬಾರದು ಎಂದು ಬರೆಯುವುದನ್ನು ಮರೆಯಬೇಡಿ. ಸ್ಟೀಲ್, ಗಾಜು, ಪಿಂಗಾಣಿ ಯಾವುದಾದರೂ ಸರಿ. ಬಾಟಲಿ ಮುಗಿದ ಮೇಲೆ ಹುಬ್ಬಳ್ಳಿಯಲ್ಲಿ ಕೂತ ಗಿರಾಕಿ ಏನು ಮಾಡಬೇಕು ಎಂಬುದನ್ನೂ ಬರೆದುಬಿಡಿ: ಗಟ್ಟಿ ಹುಣಸೆ ರಸ 1 ದೊಡ್ಡ ಚಮಚ, ಜೊತೆಗೆ 1 ಚಿಕ್ಕ ಚಮಚ ವಿನೆಗರ್. ಅದೇ ರುಚಿ ಬರುವುದಿಲ್ಲ ಎಂದೂ ಬರೆಯಿರಿ. ಇದರಿಂದ ವ್ಯಾಪಾರ ಕೆಡುವುದಿಲ್ಲ, ಮುಂದಿನ ಸಲ ಬಂದಾಗ ದೊಡ್ಡ ಬಾಟಲಿ ಕೊಳ್ಳುತ್ತಾನೆ.

ಸಿಹಿಯ ವಿಷಯ ಬೇಗ ಮುಗಿಯುತ್ತದೆ. ಕೆಚಪ್ಪಿನಲ್ಲಿ ಸುಮಾರು ಕಾಲು ಪಾಲು ಸಕ್ಕರೆ, ಬಾಟಲಿಯ ಬಾರ್ಬೆಕ್ಯೂ ಸಾಸಿನಲ್ಲಿ ಹಲವು ಸಲ ಅದಕ್ಕಿಂತ ಹೆಚ್ಚು. ಜೇನಂತೂ ಸಕ್ಕರೆಗಿಂತ ಬೇಗ ಕರಕಲಾಗುತ್ತದೆ, ಅದರಲ್ಲಿರುವ ಫ್ರಕ್ಟೋಸ್ ಸುಮಾರು 110 ಡಿಗ್ರಿಗೇ ಬಣ್ಣ ತಿರುಗುತ್ತದೆ. ಇವುಗಳಲ್ಲಿ ನೆನೆಹಾಕಿಸಬೇಡಿ. ಕೊನೆಯ ನಾಲ್ಕು ನಿಮಿಷ ಇರುವಾಗ ಸವರಿ, ಎರಡು ಸಲ ಮಗುಚಿ, ಇಳಿಸಿ. ಅಷ್ಟೇ.

ಕಾಫಿ ಮಾತ್ರ ಅಷ್ಟು ಸುಲಭವಲ್ಲ. ಕೊಡಗು ಅಂದ ಕೂಡಲೇ ಕಾಫಿ ಸವರಿದ ಮಾಂಸ ಎಂಬ ಆಲೋಚನೆ ಎಲ್ಲರ ತಲೆಗೂ ಬರುತ್ತದೆ, ಫೋಟೋಗೂ ಚೆಂದ. ತೊಡಕೆಂದರೆ ಮನೆಯಲ್ಲಿರುವ ಫಿಲ್ಟರ್ ಪುಡಿಯಲ್ಲಿ ಬಹುತೇಕ ಚಿಕೋರಿ ಇರುತ್ತದೆ. ಕಾಯಿದೆಯ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಚಿಕೋರಿ 49 ಶೇಕಡಾವರೆಗೂ ಇರಬಹುದು. ಚಿಕೋರಿ ಹುರಿದ ಬೇರು, ಕೆಂಡದ ಮೇಲೆ ಅಂಟಂಟಾಗಿ ಕಹಿ ಬಿಡುತ್ತದೆ. ಶುದ್ಧ ಕಾಫಿ ಪುಡಿಯಾದರೂ ಕಾಳುಕಾಳಾಗಿ ಹಲ್ಲಿಗೆ ಮರಳಿನಂತೆ ಸಿಗುತ್ತದೆ. ಕಾಫಿ ನಾಡಿನವರಿಗೆ ಹೇಳಲು ಮುಜುಗರವಾದರೂ ಇಲ್ಲಿ ಇನ್‌ಸ್ಟಂಟ್ ಕಾಫಿಯೇ ಮೇಲು: ಮಾಂಸದ ತೇವದಲ್ಲೇ ಕರಗುತ್ತದೆ, ಒಳಗೆ ಇಳಿಯುತ್ತದೆ. 1 ಕಿಲೋಗೆ 2 ಚಿಕ್ಕ ಚಮಚ, 1 ಚಿಕ್ಕ ಚಮಚ ಬೆಲ್ಲದ ಪುಡಿಯೊಂದಿಗೆ. ಅದಕ್ಕಿಂತ ಹೆಚ್ಚು ಬೆಲ್ಲ ಬೇಡ, ಸಿಹಿಯ ಮಾತು ಮೇಲೆಯೇ ಬಂತಲ್ಲ.

ಇವೆಲ್ಲ ಕೆಂಡಕ್ಕೆ ಮುಂಚಿನದು. ಇಳಿಸಿದ ಮೇಲೆ ಹಾಕುವುದರಲ್ಲಿ ಕೊಡಗಿನವರ ಕೈಲಿ ಬಂಗಾರದಂಥದ್ದು ಒಂದಿದೆ, ಕಾಳುಮೆಣಸು. ಅದರ ಖಾರಕ್ಕೆ ಕಾರಣವಾದ ಪೈಪರೀನ್ ಪುಡಿಯಲ್ಲೂ ಉಳಿಯುತ್ತದೆ. ಹೋಗುವುದು ಪರಿಮಳದ ಎಣ್ಣೆ: ಪುಡಿ ಮಾಡಿದ ದಿನದಿಂದಲೇ ಹೋಗತೊಡಗುತ್ತದೆ, ಬೆಂಕಿಗೆ ಬಿದ್ದರೆ ನಿಮಿಷದಲ್ಲಿ ಹೋಗುತ್ತದೆ. ನುಣ್ಣನೆಯ ಮೆಣಸಿನ ಪುಡಿ ಸವರಿ ಸುಟ್ಟ ಮಾಂಸದಲ್ಲಿ ಬರೀ ಗಂಟಲು ಉರಿ ಉಳಿಯುವುದು ಇದಕ್ಕೆ. ಇಡೀ ಕಾಳನ್ನು ಬರೀ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಂದು ನಿಮಿಷ, ಬೆಚ್ಚಗಾಗಿ ಘಮ ಬರುವಷ್ಟು ಮಾತ್ರ ಹುರಿದು, ಕುಟ್ಟಾಣಿಯಲ್ಲಿ ಜಜ್ಜಬೇಕು. ಒಂದು ಕಾಳು ನಾಲ್ಕೋ ಐದೋ ಚೂರಾದರೆ ಸಾಕು. ಕುಟ್ಟಾಣಿಯ ತಳದಲ್ಲಿ ಎಣ್ಣೆಯ ಮಸುಕು ಕಾಣುವಾಗ, ಇಳಿಸಿದ ಬಿಸಿ ಮಾಂಸದ ಮೇಲೆ ಉದುರಿಸಿ ಮುಚ್ಚಿಡಬೇಕು. ಕೊಬ್ಬು ಆ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಐದು ನಿಮಿಷ ಬಿಟ್ಟು ಮುಚ್ಚಳ ತೆಗೆದರೆ ಬರುವ ವಾಸನೆಗೆ ಯಾವ ಜಾಹೀರಾತೂ ಬೇಡ.

ಮಾರುವವರಿಗೆ ಇಲ್ಲಿಯೇ ದಾರಿ ಇದೆ. ಹುರಿದ ಪುಡಿಯ ಪೊಟ್ಟಣದೊಳಗೆ 10 ಗ್ರಾಂ ಇಡೀ ಕಾಳುಮೆಣಸಿನ ಪುಟ್ಟ ಪೊಟ್ಟಣ ಇಡಿ. ಮೇಲೆ ಒಂದೇ ಸಾಲು: "ಇಳಿಸಿದ ಮೇಲೆ ಜಜ್ಜಿ ಹಾಕಿ." ಮನೆಯವರಿಗೆ ಒಂದು ನಿಮಿಷದ ಕೆಲಸ, ತಾವೇ ಮಾಡಿದ ಸಮಾಧಾನ ಬೇರೆ. ಮಳೆಗಾಲದ ಕೊಡಗಿನಲ್ಲಿ ಪುಡಿ ತೇವ ಹಿಡಿದು ಗಂಟಾಗುವುದು ಗೊತ್ತೇ ಇದೆ, ಒಣಗಿದ ಇಡೀ ಕಾಳಿಗೆ ಆ ಕಾಟ ಕಡಿಮೆ. ಆದರೂ ದೊಡ್ಡ ಪೊಟ್ಟಣ ಮಾಡಬೇಡಿ, ಒಂದು ಸಲದ ಅಡುಗೆಗೆ ಮುಗಿಯುವಷ್ಟು ಇರಲಿ.

ಮೆಣಸಿನ ಜೊತೆ ನಿಂಬೆ, ಗಾಂಧಾರಿ ಮೆಣಸಿನಕಾಯಿ, ಹಸಿ ಈರುಳ್ಳಿ. ಬಾಟಲಿಯ ನಿಂಬೆ ರಸದಲ್ಲಿ ಹುಳಿ ಇರುತ್ತದೆ, ಸಿಪ್ಪೆಯ ಎಣ್ಣೆಯ ಘಮ ಇರುವುದಿಲ್ಲ. ನೆನೆಹಾಕುವಾಗ ಅದು ನಡೆದೀತು, ಕೊನೆಗೆ ಹಿಂಡುವಾಗ ಹಣ್ಣೇ ಬೇಕು. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ ಪುಡಿ ಪೊಟ್ಟಣದ್ದೇ ಸಾಕು.

ಮಾಂಸ ತಿನ್ನದವರಿಗೆ ಬರೆಯುವಾಗ ಪನೀರ್ ಬರುತ್ತದೆ. ಫ್ರಿಜ್‌ನಿಂದ ತೆಗೆದ ಪೊಟ್ಟಣದ ಪನೀರ್ ನೇರ ಕಂಬಿಗೆ ಹೋದರೆ ರಬ್ಬರ್. ತುಂಡು ಮಾಡಿ, ಉಪ್ಪು ಬೆರೆಸಿದ ಬಿಸಿ ನೀರಿನಲ್ಲಿ ಹದಿನೈದು ನಿಮಿಷ ಮುಳುಗಿಸಿ, ಒರೆಸಿ ಮಸಾಲೆ ಹಚ್ಚಿ. ಪೊಟ್ಟಣದ ಮೊಸರು ನೀರು ನೀರು, ಬಟ್ಟೆಯಲ್ಲಿ ಕಟ್ಟಿ ಎರಡು ತಾಸು ತೂಗುಹಾಕಿದರೆ ಅರ್ಧದಷ್ಟಾಗುತ್ತದೆ, ಆಗ ಮಸಾಲೆ ಅಂಟುತ್ತದೆ. ಇದನ್ನು ಹೇಳದೆ "1 ಲೋಟ ಮೊಸರು" ಎಂದು ಬರೆದರೆ ಮಸಾಲೆಯೆಲ್ಲ ಕೆಂಡಕ್ಕೆ ಸೋರಿ ಹೊಗೆ ಏಳುತ್ತದೆ.

ಲೇಬಲ್ಲಿನ ಮಾತುಗಳ ಬಗ್ಗೆ ಎಚ್ಚರ ಬೇಕು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರಲ್ಲಿ ತಂದ ಜಾಹೀರಾತು ನಿಯಮಾವಳಿಯಲ್ಲಿ "ತಾಜಾ" ಎಂಬ ಮಾತಿಗೆ ಕಟ್ಟು ಇದೆ: ತೊಳೆದು, ಸುಲಿದು, ಕತ್ತರಿಸಿ, ತಂಪಾಗಿಟ್ಟು ಮಾರುವಂಥದ್ದಕ್ಕೆ ಅದು ಸಲ್ಲುತ್ತದೆ, ಸಂಸ್ಕರಿಸಿ ಬಾಟಲಿಗೆ ತುಂಬಿದ್ದಕ್ಕೆ ಸಲ್ಲುವುದಿಲ್ಲ. ಕೊಳ್ಳುವವರಿಗೆ ತಪ್ಪು ಕಲ್ಪನೆ ಬರುವಂತೆ "ಮನೆಯಲ್ಲಿ ಮಾಡಿದ್ದು" ಎನ್ನುವುದಕ್ಕೂ ತಡೆಯಿದೆ. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು, ಅಂದರೆ ಮೊದಲ ಹೆಸರು ಉಪ್ಪು ಎಂದಿದ್ದರೆ ಅದು ಉಪ್ಪಿನ ಪೊಟ್ಟಣ, ಮುಂಭಾಗದಲ್ಲಿ ಏಲಕ್ಕಿಯ ಚಿತ್ರ ಎಷ್ಟು ದೊಡ್ಡದಿದ್ದರೂ. ಫೋಟೋಗೂ ಇದೇ ಮಾತು. ರೆಸಿಪಿಯಲ್ಲಿ ಇಲ್ಲದ ಕೊತ್ತಂಬರಿ ಸೊಪ್ಪು, ಕಿತ್ತಳೆ ಹೋಳುಗಳನ್ನು ಬಾಟಲಿಯ ಸುತ್ತ ಹರಡಿ ತೆಗೆಯಬೇಡಿ. ಜಜ್ಜಿದ ಕಾಳುಮೆಣಸು ನಿಜವಾಗಿ ಇದೆಯಲ್ಲ, ಅದನ್ನೇ ಹತ್ತಿರದಿಂದ ತೆಗೆಯಿರಿ. "ಹತ್ತೇ ನಿಮಿಷದಲ್ಲಿ" ಎಂದು ದೊಡ್ಡಕ್ಷರದಲ್ಲಿ ಬರೆದು ನಾಲ್ಕು ತಾಸು ನೆನೆಹಾಕಿ ಎಂದು ಸಣ್ಣಕ್ಷರದಲ್ಲಿ ಬರೆಯುವವರಿದ್ದಾರೆ. ಕೈಕೆಲಸ ಎಷ್ಟು, ಕಾಯುವುದು ಎಷ್ಟು, ಬೆಂಕಿ ಎಷ್ಟು ಎಂದು ಮೂರು ಅಂಕಿ ಕೊಟ್ಟರೆ ಆಯಿತು.

ಯಾವ ಪದಾರ್ಥ ಪೊಟ್ಟಣದ್ದಾದರೆ ನಡೆಯುತ್ತದೆ ಎಂದು ಅನುಮಾನವಿದ್ದರೆ ಪರೀಕ್ಷೆ ಸುಲಭ. ಒಂದೇ ಮಾಂಸ, ಒಂದೇ ಕೆಂಡ. ಮೂರು ಬಟ್ಟಲು, ಎರಡರಲ್ಲಿ ಒಂದು ಬಗೆ, ಮೂರನೆಯದರಲ್ಲಿ ಇನ್ನೊಂದು. ಬೇರೆ ಇರುವುದು ಯಾವುದು ಎಂದು ಮಾತ್ರ ಕೇಳಿ, ಚೆನ್ನಾಗಿರುವುದು ಯಾವುದು ಎಂದು ಕೇಳಬೇಡಿ. ಹತ್ತು ಮಂದಿಯಲ್ಲಿ ಮೂರೋ ನಾಲ್ಕೋ ಮಂದಿ ಸರಿಯಾಗಿ ಹೇಳಿದರೆ ಅದು ಬರೀ ಊಹೆಯಿಂದಲೂ ಬರುವ ಲೆಕ್ಕ, ಪೊಟ್ಟಣದ್ದೇ ಇರಲಿ. ಎಂಟು ಮಂದಿ ಹಿಡಿದರೆ ಹಸಿಯದನ್ನೇ ಬರೆಯಿರಿ. ಆಮೇಲೆ ರೆಸಿಪಿ ಬರೆದ ಕಾರ್ಡನ್ನು ಅಡುಗೆ ಅಷ್ಟಾಗಿ ಬಾರದವರ ಕೈಗೆ ಕೊಟ್ಟು, ಪಕ್ಕದಲ್ಲಿ ಬಾಯಿ ಮುಚ್ಚಿ ನಿಂತು ನೋಡಿ. ಅವರು ತಡೆದು ನಿಂತ ಸಾಲನ್ನು ತಿದ್ದಿ.

ಬೆಂಕಿಯ ವಿವರ ಕಾರ್ಡಿನಲ್ಲಿ ಇರಲೇಬೇಕು. ಇದ್ದಿಲಾಗಲಿ ಕರಟದ ಇದ್ದಿಲಾಗಲಿ, ಮೇಲೆ ಬೂದಿ ಕವಿಯುವವರೆಗೆ ಇಪ್ಪತ್ತು-ಇಪ್ಪತ್ತೈದು ನಿಮಿಷ. ಸೀಮೆಎಣ್ಣೆ ಸುರಿದರೆ ಮಾಂಸಕ್ಕೂ ಅದೇ ವಾಸನೆ. ಕಂಬಿಯಿಂದ ಒಂದು ಗೇಣಿನ ಅರ್ಧದಷ್ಟು ಮೇಲೆ ಅಂಗೈ ಹಿಡಿದು ಎಣಿಸಿ: ಎರಡು-ಮೂರಕ್ಕೇ ಕೈ ತೆಗೆಯಬೇಕಾದರೆ ಉರಿ ಜೋರು, ಐದು-ಆರರವರೆಗೆ ತಡೆದರೆ ಹದ.

1 ಕಿಲೋ ಹಂದಿಮಾಂಸದ ಕಾರ್ಡ್ ಹೀಗೆ ಬರೆಯಬಹುದು. ಕೊಬ್ಬಿರುವ ಭುಜದ ಮಾಂಸ, 3 ಸೆಂಟಿಮೀಟರ್ ತುಂಡು. ಉಪ್ಪು 12 ಗ್ರಾಂ, ಅರಿಶಿನ ಅರ್ಧ ಚಿಕ್ಕ ಚಮಚ, ಬಾಟಲಿಯ ಶುಂಠಿ-ಬೆಳ್ಳುಳ್ಳಿ ಪೇಸ್ಟ್ 2 ದೊಡ್ಡ ಚಮಚ ಬೆರೆಸಿ, ನೀರು ಹಾಕದೆ, ಮುಚ್ಚಿ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ಮಾಂಸ ತನ್ನ ನೀರು, ಕೊಬ್ಬು ಬಿಡುತ್ತದೆ. ಆ ಕೊಬ್ಬು 2 ದೊಡ್ಡ ಚಮಚ ತೆಗೆದು ಅದರಲ್ಲಿ ಉಪ್ಪಿಲ್ಲದ ಪಂದಿ ಕರಿ ಪುಡಿ 2 ಚಿಕ್ಕ ಚಮಚ, ಕಾಚಂಪುಳಿ 1 ಚಿಕ್ಕ ಚಮಚ ಕಲಸಿ ತುಂಡುಗಳಿಗೆ ಹಚ್ಚಿ. ಕೊಬ್ಬಿನಲ್ಲಿ ಕಲಸಿದ ಪುಡಿ ಒಣಗಿದ ಪುಡಿಯಷ್ಟು ಬೇಗ ಸುಡುವುದಿಲ್ಲ. ಬಿಸಿ ಇರುವಾಗಲೇ ಕಡ್ಡಿಗೆ ಚುಚ್ಚಿ ಕೆಂಡಕ್ಕೆ ಇಡಿ. ಅರೆಬೆಂದ ಹಂದಿಮಾಂಸವನ್ನು ನಾಳೆಗೆಂದು ಇಡಬಾರದು. ಹದ ಉರಿಯಲ್ಲಿ ಹತ್ತು ನಿಮಿಷ, ಎರಡು ನಿಮಿಷಕ್ಕೊಮ್ಮೆ ತಿರುಗಿಸಿ. ಥರ್ಮಾಮೀಟರ್ ಇದ್ದರೆ ತುಂಡಿನ ನಡುವೆ 71 ಡಿಗ್ರಿ, ಇಲ್ಲದಿದ್ದರೆ ಒಂದನ್ನು ಸೀಳಿ ನೋಡಿ, ಒಳಗೆ ಹಸಿಯ ಗುರುತು ಇರಬಾರದು. ಇಳಿಸಿ, ಇನ್ನೊಂದು ಚಿಕ್ಕ ಚಮಚ ಕಾಚಂಪುಳಿ, ಜಜ್ಜಿದ ಕಾಳುಮೆಣಸು 10 ಗ್ರಾಂ, ಹೆಚ್ಚಿದ ಗಾಂಧಾರಿ ಮೂರು. ಮುಚ್ಚಿ ಐದು ನಿಮಿಷ. ಈರುಳ್ಳಿ, ನಿಂಬೆ.

ಗ್ರಿಲ್ ಇಲ್ಲದ ಫ್ಲ್ಯಾಟಿನವರಿಗೆ ಕಾರ್ಡಿನ ಹಿಂದೆ: ದಪ್ಪ ತಳದ ಕಬ್ಬಿಣದ ಕಾವಲಿಯನ್ನು ಐದು ನಿಮಿಷ ಕಾಯಿಸಿ, ತುಂಡುಗಳನ್ನು ಒಂದಕ್ಕೊಂದು ತಾಗದಂತೆ ಎರಡು ಕಂತಿನಲ್ಲಿ ಇಡಿ. ಒಟ್ಟಿಗೆ ತುಂಬಿದರೆ ನೀರು ಬಿಟ್ಟು ಬೇಯುತ್ತದೆ, ಸುಡುವುದಿಲ್ಲ. ಕಾವಲಿಯಲ್ಲಿ ಹುಳಿ ಬೇಡ, ಕಾಚಂಪುಳಿ ಎರಡು ಚಮಚವೂ ಇಳಿಸಿದ ಮೇಲೆ, ಸ್ಟೀಲ್ ಪಾತ್ರೆಗೆ.